ಹಲಗೆ ಏರುವ ಮುನ್ನ ಈಜು: ದಾವಣಗೆರೆ–ಹರಿಹರದವರಿಗೆ ವೇಕ್‌ಬೋರ್ಡಿಂಗ್‌ನ ಮೊದಲ ಪಾಠ

ದಾವಣಗೆರೆಯಲ್ಲಿ ವೇಕ್‌ಬೋರ್ಡಿಂಗ್ ಕಲಿಸುವ ಕೇಂದ್ರವಿಲ್ಲ, ಹರಿಹರದಲ್ಲೂ ಇಲ್ಲ. ಕಾಲಿಗೆ ಹಲಗೆ ಕಟ್ಟಿಕೊಂಡು, ಬೋಟಿನ ಹಿಂದಿನ ಹಗ್ಗ ಹಿಡಿದು ನೀರಿನ ಮೇಲೆ ಜಾರಿಕೊಂಡು ಹೋಗುವ ಈ ಆಟವನ್ನು ನಮ್ಮ ಕಡೆಯ ಹುಡುಗ ಹುಡುಗಿಯರು ಹೆಚ್ಚಾಗಿ ನೋಡಿರುವುದು ಮೊಬೈಲಿನಲ್ಲಿ. ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಆಸೆ ಹುಟ್ಟಿದವರಿಗೆ ಒಂದು ಸಮಾಧಾನದ ಮಾತಿದೆ. ಈ ಆಟದ ಮುಕ್ಕಾಲು ಪಾಠ ಬೋಟ್ ಹತ್ತುವ ಮೊದಲೇ ಮುಗಿಯುತ್ತದೆ, ಆ ಮುಕ್ಕಾಲು ಪಾಠವನ್ನು ನಮ್ಮೂರಿನ ಈಜುಕೊಳದಲ್ಲಿ, ಗರಡಿಮನೆಯಲ್ಲಿ, ಮನೆಯ ಪಡಸಾಲೆಯಲ್ಲಿ ಕಲಿಯಬಹುದು. ಉಳಿದ ಕಾಲು ಭಾಗಕ್ಕೆ ಮಾತ್ರ ಕರಾವಳಿಗೆ ಹೋಗಬೇಕು. ತಯಾರಾಗಿ ಹೋದವರು ಮೊದಲ ದಿನವೇ ಹಲಗೆಯ ಮೇಲೆ ನಿಲ್ಲುವ ಸಾಧ್ಯತೆ ಹೆಚ್ಚು. ತಯಾರಿಲ್ಲದೆ ಹೋದವರು ನೀರು ಕುಡಿದು, ತೋಳು ನೋಯಿಸಿಕೊಂಡು ವಾಪಸ್ಸಾಗುತ್ತಾರೆ.

ಆಟ ಹುಟ್ಟಿದ್ದು ಹೀಗೆ

ಬೋಟಿನ ಹಿಂದೆ ಮನುಷ್ಯ ನೀರಿನ ಮೇಲೆ ಜಾರಬಹುದು ಎಂದು ಮೊದಲು ತೋರಿಸಿದ್ದು ಅಮೆರಿಕದ ಮಿನೆಸೋಟದ ಯುವಕ ರಾಲ್ಫ್ ಸ್ಯಾಮ್ಯುಯೆಲ್‌ಸನ್, 1922ರಲ್ಲಿ, ಪೆಪಿನ್ ಸರೋವರದಲ್ಲಿ. ಅವನು ಎರಡು ಮರದ ಹಲಗೆಗಳ ತುದಿಯನ್ನು ಮೇಲಕ್ಕೆ ಬಾಗಿಸಿ ಕಾಲಿಗೆ ಕಟ್ಟಿಕೊಂಡಿದ್ದ. ವಾಟರ್ ಸ್ಕೀಯಿಂಗ್ ಬೆಳೆದದ್ದು ಅಲ್ಲಿಂದ. 1985ರಲ್ಲಿ ಕ್ಯಾಲಿಫೋರ್ನಿಯಾದ ಸರ್ಫರ್ ಟೋನಿ ಫಿನ್ ಎರಡು ಹಲಗೆಯ ಬದಲು ಸರ್ಫಿಂಗ್ ಹಲಗೆಯಂಥದ್ದೇ ಒಂದನ್ನು ಬೋಟಿನ ಹಿಂದೆ ಬಳಸಿ, ‘ಸ್ಕರ್ಫರ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ. ಆ ಹಲಗೆ ವಿಪರೀತ ತೇಲುತ್ತಿತ್ತು. ಆಳದ ನೀರಿನಲ್ಲಿ ಅದನ್ನು ಕಾಲಡಿ ಹಿಡಿದಿಟ್ಟುಕೊಂಡು ಏಳುವುದಕ್ಕೆ ಬಲಶಾಲಿಗಳೇ ಬೇಕಿತ್ತು. 1990ರ ಹೊತ್ತಿಗೆ ಹರ್ಬ್ ಒಬ್ರಿಯನ್ ತೆಳುವಾದ, ನೀರಿನಲ್ಲಿ ಮುಳುಗಲೂ ಒಪ್ಪುವ ‘ಹೈಪರ್‌ಲೈಟ್’ ಹಲಗೆ ತಂದ ಮೇಲೆ ಮಕ್ಕಳು, ಹೆಂಗಸರು, ಹಗುರ ಮೈಯವರು ಎಲ್ಲರಿಗೂ ಆಟ ಎಟುಕಿತು. ಇಂದಿನ ಹೊಸಬರಿಗೆ ಶಕ್ತಿ ಹಾಕದೆ ಏಳಲು ಸಾಧ್ಯವಾಗಿರುವುದು ಈ ಬದಲಾವಣೆಯಿಂದ.

ಬೋಟ್ ಮುಂದೆ ಸಾಗುವಾಗ ಅದರ ಹಿಂದೆ ಎರಡು ಕಡೆಗೆ ಏಳುವ ಅಲೆಯೇ ‘ವೇಕ್’. ಪಳಗಿದವರು ಆ ಅಲೆಯನ್ನು ದಿಬ್ಬ ಮಾಡಿಕೊಂಡು ಹಾರುತ್ತಾರೆ. ಹೊಸಬರಿಗೆ ಹಾರಾಟದ ಗೊಡವೆ ಬೇಡ. ಏಳುವುದು, ನಿಲ್ಲುವುದು, ನೇರ ಸಾಗುವುದು, ಎಡಕ್ಕೆ ಬಲಕ್ಕೆ ತಿರುಗುವುದು, ಪೆಟ್ಟಾಗದಂತೆ ಬೀಳುವುದು: ಮೊದಲ ಹಂತದಲ್ಲಿ ಕಲಿಯಬೇಕಾದ್ದು ಈ ಐದು.

ನಮ್ಮ ಕೆರೆ, ನಾಲೆ, ಹೊಳೆಯಲ್ಲಿ ಪ್ರಯತ್ನಿಸಬೇಡಿ

‘ಇಷ್ಟೊಂದು ನೀರು ಇಲ್ಲೇ ಇರುವಾಗ ಕರಾವಳಿಗೆ ಯಾಕೆ ಹೋಗಬೇಕು’ ಎಂದು ಯಾರಾದರೂ ಕೇಳಬಹುದು. ಕಾರಣಗಳನ್ನು ಒಂದೊಂದಾಗಿ ನೋಡಿ.

ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ನಿಂತಿರುವುದು ದಾವಣಗೆರೆ ನಗರದ ಕುಡಿಯುವ ನೀರು. ಸೂಳೆಕೆರೆ ಎಂದೇ ಜನ ಕರೆಯುವ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ ಚಿತ್ರದುರ್ಗದ ನಲ್ಲಿಗೂ ನೀರು ಕೊಡುತ್ತದೆ. ಪೆಟ್ರೋಲ್ ಎಂಜಿನ್‌ನ ಎಣ್ಣೆ, ಹೊಗೆ ಕುಡಿಯುವ ನೀರಿಗೆ ಸೇರಕೂಡದು. ಕುಂದವಾಡಕ್ಕೆ ಬರುವ ಹಕ್ಕಿಗಳಿಗೂ ವೇಗದ ಬೋಟಿನ ಸದ್ದು, ಅಲೆ ಆಗಿಬರುವುದಿಲ್ಲ.

ಭದ್ರಾ ನಾಲೆಯ ಅಪಾಯ ಬೇರೆ ಬಗೆಯದು. ನಾಲೆಗೆ ನೀರು ಬಿಟ್ಟಾಗ ಹರಿವು ಬಿರುಸಾಗಿರುತ್ತದೆ. ಇಳಿಜಾರು ಅಂಚು ಪಾಚಿಗಟ್ಟಿ ಜಾರುತ್ತದೆ, ಬಿದ್ದವರಿಗೆ ಕೈ ಹಿಡಿಯಲು ಏನೂ ಸಿಗುವುದಿಲ್ಲ. ಏರಿಯ ಮೇಲೆ ಬೈಕ್ ಓಡಿಸಿ, ಹಗ್ಗ ಕಟ್ಟಿ, ನಾಲೆಯಲ್ಲಿ ಹಲಗೆ ಎಳೆಸಿಕೊಳ್ಳುವ ವಿಡಿಯೊಗಳು ಬೇರೆ ದೇಶಗಳಿಂದ ಬರುತ್ತವೆ. ನಮ್ಮ ನಾಲೆಯಲ್ಲಿ ಅದನ್ನು ಮಾಡಹೋದರೆ ತೂಬು, ಸೇತುವೆ, ಕಲ್ಲು ಎದುರಾಗುತ್ತವೆ. ದಯವಿಟ್ಟು ಯಾರೂ ಆ ಸಾಹಸಕ್ಕೆ ಇಳಿಯಬೇಡಿ.

ಹರಿಹರದ ತುಂಗಭದ್ರೆ ಮೇಲಿನಿಂದ ಶಾಂತವಾಗಿ ಕಾಣುತ್ತಾಳೆ. ಒಳಗೆ ಮರಳು ತೆಗೆದ ಗುಂಡಿಗಳಿವೆ, ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದವಾಗುತ್ತದೆ. ಬಂಡೆಗಳಿವೆ. 1868ರ ಹಳೆಯ ಸೇತುವೆಯ ಕಂಬಗಳಂಥ ಕಡೆ ನೀರು ಸುಳಿ ತಿರುಗುತ್ತದೆ. ಮಳೆಗಾಲದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟಿನಿಂದ, ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಬಿಟ್ಟ ನೀರು ಕೂಡ್ಲಿಯಲ್ಲಿ ಒಂದಾಗಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತದೆ. ಹರಿಹರದಲ್ಲಿ ಹನಿ ಮಳೆ ಇಲ್ಲದ ದಿನವೂ ಹೊಳೆ ಏರಬಹುದು. ವೇಕ್‌ಬೋರ್ಡಿಂಗ್‌ಗೆ ಬೇಕಾದ್ದು ತಳದಲ್ಲಿ ತಡೆಯಿಲ್ಲದ, ಆಳ ಗೊತ್ತಿರುವ, ಉದ್ದಕ್ಕೂ ನಿರಾಳವಾದ ನೀರು. ಅಷ್ಟನ್ನೂ ಅಳೆದು ಗುರುತಿಸಿ, ಅನುಮತಿ ಪಡೆದು, ರಕ್ಷಣಾ ಸಿಬ್ಬಂದಿ ಇಟ್ಟ ಜಾಗ ಇಲ್ಲಿ ಇಲ್ಲದಿರುವಾಗ ಬಾಡಿಗೆ ದೋಣಿ ಹಿಡಿದು ಪ್ರಯೋಗ ಮಾಡಬಾರದು.

ಮೊದಲ ತಯಾರಿ: ಈಜು

ಲೈಫ್ ಜಾಕೆಟ್ ಇದ್ದರೆ ಈಜು ಬಾರದಿದ್ದರೂ ನಡೆಯುತ್ತದೆ ಎಂದು ಪ್ರವಾಸಿ ತಾಣಗಳಲ್ಲಿ ಹೇಳುವವರಿದ್ದಾರೆ. ಬನಾನಾ ಬೋಟಿನಲ್ಲಿ ಕೂರುವವರಿಗೆ ಆ ಮಾತು ಸಾಕಾಗಬಹುದು. ವೇಕ್‌ಬೋರ್ಡಿಂಗ್‌ನಲ್ಲಿ ಎರಡೂ ಪಾದ ಒಂದೇ ಹಲಗೆಗೆ ಬಿಗಿದಿರುತ್ತವೆ. ಬಿದ್ದಾಗ ಕಾಲು ಬಡಿಯಲು ಆಗುವುದಿಲ್ಲ. ಮುಖ ಕೆಳಗಾಗಿ ಬಿದ್ದರೆ ಸೊಂಟ ತಿರುಗಿಸಿ ಮಗುಚಿಕೊಳ್ಳಬೇಕು. ನೀರಿನ ಭಯವಿರುವವರು ಆ ಕ್ಷಣದಲ್ಲಿ ಗಾಬರಿಯಾಗುತ್ತಾರೆ, ಗಾಬರಿಯಲ್ಲಿ ಉಸಿರು ತಪ್ಪುತ್ತದೆ.

ಆದ್ದರಿಂದ ಕೋಚ್ ಮತ್ತು ಜೀವರಕ್ಷಕರಿರುವ ಈಜುಕೊಳಕ್ಕೆ ಸೇರಿ. ಕರಾವಳಿಗೆ ಹೊರಡುವ ಮೊದಲು ಈ ನಾಲ್ಕು ನಿಮಗೆ ಬರಬೇಕು:

1. ನಿಲ್ಲದೆ 100 ಮೀಟರ್ ಈಜುವುದು. ವೇಗ ಮುಖ್ಯವಲ್ಲ, ಉಸಿರು ಹದವಾಗಿರಬೇಕು.
2. ಕಾಲು ನೆಲಕ್ಕೆ ತಾಗದ ಕಡೆ ಐದು ನಿಮಿಷ ನಿಂತಲ್ಲೇ ತೇಲುವುದು.
3. ಅಂಗಾತ ಮಲಗಿ, ಕಿವಿ ನೀರಿನಲ್ಲಿ ಮುಳುಗಿದ್ದರೂ ನಿರಾಳವಾಗಿ ಉಸಿರಾಡುವುದು.
4. ಎರಡೂ ಪಾದ ಜೋಡಿಸಿಟ್ಟುಕೊಂಡು, ಕಾಲು ಬಡಿಯದೆ, ಬೋರಲಿನಿಂದ ಅಂಗಾತಕ್ಕೆ ಹೊರಳುವುದು. ಇದನ್ನು ಕೋಚ್ ಪಕ್ಕದಲ್ಲಿದ್ದಾಗ ಮಾತ್ರ ಮಾಡಿ. ಕಾಲಿಗೆ ಏನನ್ನೂ ಕಟ್ಟಿಕೊಳ್ಳಬೇಡಿ.

ಕೋಚ್ ಒಪ್ಪಿದರೆ ಒಮ್ಮೆ ಲೈಫ್ ಜಾಕೆಟ್ ಹಾಕಿಕೊಂಡು ಕೊಳಕ್ಕೆ ಇಳಿಯಿರಿ. ಜಾಕೆಟ್ ಮೈಯನ್ನು ಹೇಗೆ ಎತ್ತುತ್ತದೆ, ಹೊರಳುವಾಗ ಎಲ್ಲಿ ಅಡ್ಡ ಬರುತ್ತದೆ ಎಂದು ಮೊದಲೇ ಗೊತ್ತಾದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಎರಡನೆಯ ತಯಾರಿ: ಕಾಲು, ಸೊಂಟ, ಮುಂಗೈ

ದಾವಣಗೆರೆ ಕುಸ್ತಿಯ ಊರು. ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣ ನೋಡಿ ಬೆಳೆದವರಿಗೆ ಬಸ್ಕಿ, ದಂಡೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಈ ಆಟಕ್ಕೆ ಬೇಕಾದ ತೊಡೆಬಲ ಬಸ್ಕಿಯಿಂದಲೇ ಬರುತ್ತದೆ. ಸಂಖ್ಯೆಯ ಹಿಂದೆ ಬೀಳದೆ ನಿಧಾನವಾಗಿ ಇಳಿದು ನಿಧಾನವಾಗಿ ಏಳಿ. ಹಿಮ್ಮಡಿ ನೆಲ ಬಿಡಬಾರದು, ಬೆನ್ನು ಗೂನಾಗಬಾರದು. ಕುಕ್ಕರಗಾಲಿನಲ್ಲಿ ಕೂತು ಕೈ ಮುಂದೆ ಚಾಚಿ ಅರ್ಧ ನಿಮಿಷ ಹಾಗೇ ಇರುವ ಅಭ್ಯಾಸ ಮಾಡಿ. ನೀರಿನಲ್ಲಿ ನೀವು ಏಳುವುದು ಇದೇ ಭಂಗಿಯಿಂದ.

ಮುಂಗೈ ಬೇಗ ಸೋಲುವುದು ಹೊಸಬರ ಸಾಮಾನ್ಯ ಕಷ್ಟ. ಕಬ್ಬಿಣದ ಸರಳಿಗೆ ಜೋತುಬಿದ್ದಿರುವುದು, ಒದ್ದೆ ಟವೆಲ್ ಹಿಂಡುವುದು ಇದಕ್ಕೆ ಒಳ್ಳೆಯ ವ್ಯಾಯಾಮ. ಸಮತೋಲಕ್ಕೆ ಒಂಟಿ ಕಾಲಿನಲ್ಲಿ ನಿಂತು ತಲೆಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಸುಲಭವಾದ ಮೇಲೆ ಕಣ್ಣು ಮುಚ್ಚಿ ಮಾಡಿ, ಗೋಡೆ ಕೈಗೆ ಎಟುಕುವಂತಿರಲಿ.

ಇನ್ನೊಂದು ಅಭ್ಯಾಸಕ್ಕೆ ಜೊತೆಗಾರ ಬೇಕು. ಎರಡು ಮೀಟರ್ ಹಗ್ಗದ ತುದಿಗೆ ಗಟ್ಟಿ ಕೋಲೊಂದನ್ನು ಅಡ್ಡ ಕಟ್ಟಿ. ನೀವು ಚಾಪೆಯ ಮೇಲೆ ಮಂಡಿ ಮಡಚಿ, ಪಾದ ಮುಂದಿಟ್ಟು ಕೂರಿ. ಕೋಲನ್ನು ಎರಡೂ ಕೈಯಲ್ಲಿ ಹಿಡಿಯಿರಿ, ಮೊಣಕೈ ನೇರ ಇರಲಿ, ಮಂಡಿಗಳು ಎರಡು ತೋಳುಗಳ ನಡುವೆ ಇರಲಿ. ಜೊತೆಗಾರ ನಿಧಾನವಾಗಿ ಎಳೆಯಲಿ. ನೀವು ಎಳೆಯದೆ, ಕಾಲು ಚಾಚದೆ, ಆ ಎಳೆತವೇ ನಿಮ್ಮನ್ನು ಪಾದದ ಮೇಲೆ ಕುಕ್ಕರಗಾಲಿಗೆ ತರುವವರೆಗೆ ಕಾಯಿರಿ, ಆಮೇಲೆ ಏಳಿ. ಕರಾವಳಿಯ ತರಬೇತುದಾರರು ಮರಳಿನ ಮೇಲೆ ಮೊದಲು ಮಾಡಿಸುವುದೂ ಇದನ್ನೇ. ಮನೆಯಲ್ಲೇ ಮೈಗೂಡಿದ್ದರೆ ಅಲ್ಲಿ ಹೊತ್ತು ಉಳಿಯುತ್ತದೆ.

ಯಾವ ಕಾಲು ಮುಂದೆ ಎಂಬುದನ್ನೂ ಮನೆಯಲ್ಲೇ ಗೊತ್ತುಮಾಡಿಕೊಳ್ಳಿ. ಪಾದ ಜೋಡಿಸಿ ನಿಂತಿರಿ, ಹಿಂದಿನಿಂದ ಯಾರಾದರೂ ಹೇಳದೆ ಹಗುರವಾಗಿ ತಳ್ಳಲಿ. ತಾನಾಗಿ ಮುಂದೆ ಹೋಗುವ ಕಾಲೇ ಸಾಮಾನ್ಯವಾಗಿ ನಿಮ್ಮ ಮುಂಗಾಲು. ಎಡಗಾಲು ಮುಂದಿದ್ದರೆ ಈ ಆಟದವರು ‘ರೆಗ್ಯುಲರ್’ ಎನ್ನುತ್ತಾರೆ, ಬಲಗಾಲಾದರೆ ‘ಗೂಫಿ’. ಎರಡರಲ್ಲಿ ಮೇಲು ಕೀಳಿಲ್ಲ.

ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು

ತೆರೆದ ನೀರಿನ ರೂಢಿಯೇ ಇಲ್ಲದವರು ಮೊದಲು ಸಾಗರ ತಾಲ್ಲೂಕಿನ ಹೊನ್ನೆಮರಡುವಿಗೆ ಹೋಗಿ ಬರುವುದು ಒಳ್ಳೆಯದು. ಶರಾವತಿಯ ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ‘ದಿ ಅಡ್ವೆಂಚರರ್ಸ್’ ಸಂಸ್ಥೆ ಬಹಳ ವರ್ಷಗಳಿಂದ ಜಲಸಾಹಸ ಶಿಬಿರ ನಡೆಸುತ್ತಿದೆ. ಹರಿಗೋಲು, ಕಯಾಕ್‌ಗಳಲ್ಲಿ ಹುಟ್ಟು ಹಾಕಿದರೆ ಗಾಳಿ, ಅಲೆ, ಆಳದ ಅಂದಾಜು ಸಿಗುತ್ತದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಇದೆ. ಅದರ ಜಲಸಾಹಸ ಶಿಬಿರಗಳ ಬಗ್ಗೆ ದಾವಣಗೆರೆಯ ಇಲಾಖಾ ಕಚೇರಿಯಲ್ಲಿ ವಿಚಾರಿಸಿ.

ವೇಕ್‌ಬೋರ್ಡಿಂಗ್‌ಗೆ ನಮಗೆ ಹತ್ತಿರದ ಹೆಸರು ದಕ್ಷಿಣ ಕನ್ನಡದ ಮೂಲ್ಕಿ. ಅಲ್ಲಿನ ಮಂತ್ರ ಸರ್ಫ್ ಕ್ಲಬ್ ಸರ್ಫಿಂಗ್‌ಗೆ ಹೆಸರಾಗಿದ್ದರೂ ಶಾಂಭವಿ ನದಿಯ ತಿಳಿನೀರಿನಲ್ಲಿ ವೇಕ್‌ಬೋರ್ಡಿಂಗ್ ಕೂಡ ಕಲಿಸುತ್ತಾ ಬಂದಿದೆ. ಸಮುದ್ರದ ಪಕ್ಕದಲ್ಲೇ ಇದ್ದರೂ ನದಿಯೊಳಗೆ ತೆರೆಯ ಅಬ್ಬರವಿರುವುದಿಲ್ಲ, ಹೊಸಬರಿಗೆ ಇದು ಅನುಕೂಲ. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಮೇಲೆ ಈ ಭಾಗದ ಜಲಕ್ರೀಡೆಗಳಿಗೆ ದೇಶದ ಗಮನ ಬಂದಿದೆ. ದಾವಣಗೆರೆಯಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ, ಉಡುಪಿ ಮಾರ್ಗವಾಗಿ ಮೂಲ್ಕಿ ತಲುಪಬಹುದು. ಹೊರಡುವ ಮೊದಲು ಫೋನ್ ಮಾಡಿ, ನೀವು ಹೋಗುವ ದಿನ ಬೋಟ್ ಸಿಗುತ್ತದೆಯೇ, ತರಬೇತುದಾರರು ಇರುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ. ಮಳೆಗಾಲದಲ್ಲಿ ನದಿಯಲ್ಲಿ ಸೆಳೆತ ಹೆಚ್ಚು, ನೀರು ಕೆಂಪಾಗಿ ತೇಲಿಬಂದ ಮರದ ದಿಮ್ಮಿ ಕಾಣುವುದಿಲ್ಲ, ಕರಾವಳಿಯಲ್ಲಿ ಇಲಿ ಜ್ವರ ಹರಡುವುದೂ ಆಗಲೇ. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಬೆಳಗಿನ ಹೊತ್ತು ಉತ್ತಮ. ಮಧ್ಯಾಹ್ನವಾದಂತೆ ಸಮುದ್ರದ ಗಾಳಿ ಏರಿ ನೀರು ಕದಡುತ್ತದೆ. ಉಬ್ಬರ ಇಳಿತದಿಂದ ನದಿಯ ಆಳವೂ ಬದಲಾಗುವುದರಿಂದ ಪಾಠದ ಸಮಯವನ್ನು ಅಲ್ಲಿನವರ ಮಾತಿನಂತೆ ನಿಗದಿ ಮಾಡಿಕೊಳ್ಳಿ.

ದುಡ್ಡು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಯಾವ ಕೇಂದ್ರಕ್ಕೆ ಹೋದರೂ ಇವನ್ನು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ಕೇಂದ್ರದವರು ಬೇಸರಪಡುವುದಿಲ್ಲ.

- ಬೋಟ್ ಓಡಿಸುವವರಿಗೆ ಯಾವ ತರಬೇತಿ ಆಗಿದೆ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಸೇರಿದ, ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಬೋಟ್ ಚಾಲಕರಿಗೆ, ಜೀವರಕ್ಷಕರಿಗೆ ತರಬೇತಿ ಕೊಡುತ್ತದೆ. ಅಲ್ಲಿನ ಪ್ರಮಾಣಪತ್ರ ಇದೆಯೇ ವಿಚಾರಿಸಿ.
- ಚಾಲಕನಲ್ಲದೆ, ಹಿಂದೆ ಹಲಗೆಯ ಮೇಲಿರುವವರನ್ನೇ ನೋಡುತ್ತಿರುವ ಇನ್ನೊಬ್ಬರು ಬೋಟಿನಲ್ಲಿರುತ್ತಾರೆಯೇ? ಒಬ್ಬನೇ ಚಾಲಕನಾದರೆ ಬೇಡ ಎನ್ನಿ.
- ನನ್ನ ಅಳತೆಯ ಲೈಫ್ ಜಾಕೆಟ್ ಇದೆಯೇ? 
- ನೀರಿಗಿಳಿಯುವ ಮೊದಲು ದಡದ ಮೇಲೆ ಪಾಠ ಮಾಡುತ್ತೀರಾ?
- ಒಬ್ಬರಿಗೆ ಎಷ್ಟು ಹೊತ್ತು? ವಿಮೆ, ಪ್ರಥಮ ಚಿಕಿತ್ಸೆ, ಹತ್ತಿರದ ಆಸ್ಪತ್ರೆಯ ವ್ಯವಸ್ಥೆ ಏನು?

ಹೊಸಬರಿಗೆ ಹದಿನೈದು ಇಪ್ಪತ್ತು ನಿಮಿಷದ ಸರದಿಯೇ ಸಾಕು. ಅದಕ್ಕಿಂತ ಹೆಚ್ಚಾದರೆ ಮುಂಗೈ ಬಿಗಿದು ಹಿಡಿತ ತಪ್ಪುತ್ತದೆ. ಒಂದೇ ದಿನ ಒಂದು ಗಂಟೆ ಎಳೆಸಿಕೊಳ್ಳುವ ಬದಲು ಎರಡು ದಿನ ಬೆಳಿಗ್ಗೆ ಚಿಕ್ಕ ಸರದಿಗಳನ್ನು ಇಟ್ಟುಕೊಳ್ಳಿ.

ಸಾಮಾನು, ಬಟ್ಟೆ

ಹಲಗೆ ಕೊಳ್ಳಬೇಡಿ, ಕೇಂದ್ರದಲ್ಲೇ ಸಿಗುತ್ತದೆ. ಉದ್ದ ಮಾತ್ರ ಗಮನಿಸಿ. 60 ಕೆ.ಜಿ. ಆಸುಪಾಸಿನವರಿಗೆ ಸುಮಾರು 135 ಸೆಂ.ಮೀ., 80 ಕೆ.ಜಿ. ದಾಟಿದವರಿಗೆ 140 ಸೆಂ.ಮೀ.ಗಿಂತ ಉದ್ದದ ಹಲಗೆ ಹೊಂದುತ್ತದೆ. ಉದ್ದದ ಹಲಗೆ ಬೇಗ ನೀರಿನ ಮೇಲೆ ಬರುತ್ತದೆ, ಆದ್ದರಿಂದ ಎರಡರ ನಡುವೆ ಅನುಮಾನವಾದರೆ ಉದ್ದದ್ದನ್ನೇ ಕೇಳಿ. ಪಾದ ಸಿಗಿಸುವ ಬೂಟಿಗೆ ‘ಬೈಂಡಿಂಗ್’ ಎನ್ನುತ್ತಾರೆ. ಅದು ನಡೆದಾಡುವಾಗ ಕಳಚದಷ್ಟು ಬಿಗಿಯಾಗಿ, ಜೋರಾಗಿ ಬಿದ್ದಾಗ ಪಾದ ಹೊರಬರುವಷ್ಟು ಸಡಿಲವಾಗಿ ಇರಬೇಕು. ಪಾದಗಳ ನಡುವಿನ ಅಂತರ ನಿಮ್ಮ ಭುಜದಗಲಕ್ಕಿಂತ ಸ್ವಲ್ಪ ಹೆಚ್ಚಿರಲಿ.

ಲೈಫ್ ಜಾಕೆಟ್‌ನಲ್ಲಿ ಐಎಸ್‌ಒ 12402ರಂಥ ಗುಣಮಟ್ಟದ ಗುರುತು ಇದೆಯೇ ನೋಡಿ. ಎಲ್ಲ ಬಕಲ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆತ್ತಲಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ತಲೆಗೆ ನೀರಾಟಕ್ಕೆಂದೇ ಮಾಡಿದ ಹೆಲ್ಮೆಟ್ ಕೊಟ್ಟರೆ ಹಾಕಿಕೊಳ್ಳಿ. ಬೈಕ್ ಹೆಲ್ಮೆಟ್ ಬೇಡವೇ ಬೇಡ, ಅದರೊಳಗೆ ನೀರು ನುಗ್ಗಿ ಕತ್ತನ್ನು ಹಿಂದಕ್ಕೆ ಎಳೆಯುತ್ತದೆ.

ಮೈಗಂಟುವ ತುಂಬುತೋಳಿನ ಟೀ ಶರ್ಟ್, ಲೆಗ್ಗಿಂಗ್ಸ್ ಅಥವಾ ಈಜುಡುಗೆ ಹೆಣ್ಣು ಗಂಡು ಎಲ್ಲರಿಗೂ ಅನುಕೂಲ. ದುಪಟ್ಟಾ, ಲುಂಗಿ, ಜೇಬು ಚೀಲದಂತಿರುವ ಚಡ್ಡಿ ಬೇಡ. ಉಂಗುರ, ಬಳೆ, ಸರ, ಕಿವಿಯೋಲೆ ತೆಗೆದಿಡಿ. ಹಗ್ಗಕ್ಕೆ ಉಂಗುರ ಸಿಕ್ಕಿದರೆ ಬೆರಳಿಗೇ ಅಪಾಯ. ಉದ್ದ ಕೂದಲು ಗಟ್ಟಿಯಾಗಿ ಕಟ್ಟಿ. ಹೊಟ್ಟೆ ತುಂಬ ತಿಂದು ನೀರಿಗಿಳಿಯಬೇಡಿ, ಎರಡು ಗಂಟೆ ಮೊದಲು ಹಗುರವಾಗಿ ತಿನ್ನಿ. ಕುಡಿದವರಿಗಂತೂ ನೀರಿನ ಹತ್ತಿರ ಕೆಲಸವಿಲ್ಲ.

ಕೈಸನ್ನೆ

ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ. ಹೆಬ್ಬೆರಳು ಮೇಲೆ ಮಾಡಿದರೆ ವೇಗ ಹೆಚ್ಚಿಸಿ, ಕೆಳಗೆ ಮಾಡಿದರೆ ಕಡಿಮೆ ಮಾಡಿ. ಕತ್ತಿನ ಮುಂದೆ ಅಂಗೈ ಅಡ್ಡ ಆಡಿಸಿದರೆ ಎಂಜಿನ್ ನಿಲ್ಲಿಸಿ. ತಲೆ ತಟ್ಟಿಕೊಂಡರೆ ಸಾಕು, ದಡಕ್ಕೆ ಹೋಗೋಣ. ಬಿದ್ದ ಮೇಲೆ ಕೈ ಎತ್ತಿ ತೋರಿಸಿದರೆ ನಾನು ಚೆನ್ನಾಗಿದ್ದೇನೆ. ಬಿದ್ದಾಗಲೆಲ್ಲ ಕೈ ಎತ್ತುವುದನ್ನು ಮರೆಯಬೇಡಿ. ಬೋಟಿನಲ್ಲಿರುವವರು ಮೊದಲು ಹುಡುಕುವುದು ಆ ಕೈಯನ್ನೇ, ದೂರದ ಬೇರೆ ಬೋಟಿನವರಿಗೂ ನೀವು ಕಾಣುತ್ತೀರಿ. ಕೇಂದ್ರದಿಂದ ಕೇಂದ್ರಕ್ಕೆ ಸನ್ನೆ ಸ್ವಲ್ಪ ಬದಲಾಗುವುದರಿಂದ ಹೊರಡುವ ಮೊದಲು ಚಾಲಕರೊಂದಿಗೆ ಒಮ್ಮೆ ಮಾಡಿ ನೋಡಿ.

ನೀರಿನಿಂದ ಏಳುವುದು

ಇಡೀ ಆಟದ ತಿರುಳು ಇಲ್ಲಿದೆ. ಬೋಟ್ ಎಳೆಯಲು ಶುರುಮಾಡಿದ ಕೂಡಲೇ ನಮ್ಮ ಮೈ ಅದನ್ನು ಹಗ್ಗಜಗ್ಗಾಟ ಎಂದುಕೊಳ್ಳುತ್ತದೆ: ತೋಳು ಮಡಚಿ ಹ್ಯಾಂಡಲನ್ನು ಎದೆಗೆ ಎಳೆದುಕೊಳ್ಳುತ್ತೇವೆ, ಕಾಲು ಚಾಚಿ ಒದೆಯುತ್ತೇವೆ. ಕಾಲು ಚಾಚಿದಾಗ ಹಲಗೆ ನೀರಿಗೆ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಅದರ ಮೇಲೆ ಬೀಳುವ ನೀರಿನ ಒತ್ತಡವೆಲ್ಲ ಕೈಗೆ ಬಂದು ಹ್ಯಾಂಡಲ್ ಕಿತ್ತುಹೋಗುತ್ತದೆ. ಮಂಡಿ ಮಡಚಿಟ್ಟರೆ ಹಲಗೆ ಓರೆಯಾಗಿ, ನೀರು ಅದರ ಅಡಿ ನುಗ್ಗಿ ಮೇಲೆತ್ತುತ್ತದೆ. ನಿಮ್ಮನ್ನು ಎಬ್ಬಿಸುವುದು ಬೋಟಿನ ವೇಗ ಮತ್ತು ಹಲಗೆಯಡಿಯ ನೀರು. ನಿಮ್ಮ ಕೆಲಸ ತಾಳ್ಮೆಯಿಂದ ಕೂತಿರುವುದು.

1. ಅಂಗಾತ ತೇಲಿ, ಮುಖ ಬೋಟಿನ ಕಡೆಗಿರಲಿ. ಹಲಗೆ ಹಗ್ಗಕ್ಕೆ ಅಡ್ಡವಾಗಿ, ಅದರ ಮೇಲಂಚು ನೀರಿನಿಂದ ಹೊರಗಿರಲಿ.
2. ಮಂಡಿಗಳನ್ನು ಎದೆಗೆ ತನ್ನಿ, ಹಿಮ್ಮಡಿ ಪೃಷ್ಠದ ಹತ್ತಿರ ಬರಲಿ. ಕೈ ನೇರವಾಗಿ, ಮಂಡಿಗಳು ತೋಳುಗಳ ನಡುವೆ.
3. ಸಿದ್ಧರಾದ ಮೇಲೆಯೇ ಹೇಳಿ. ಬೋಟ್ ಮೊದಲು ನಿಧಾನವಾಗಿ ಹಗ್ಗ ಬಿಗಿ ಮಾಡುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಹ್ಯಾಂಡಲ್‌ನ ಒಳಗೆ ತೋಳು ತೂರಿಸಬೇಡಿ.
4. ಎಳೆತ ಹೆಚ್ಚಿದಂತೆ ನೀರು ಹಲಗೆಯನ್ನು ನಿಮ್ಮ ಕಡೆಗೆ ಒತ್ತುತ್ತದೆ. ಒತ್ತಲಿ. ಮಂಡಿ ಇನ್ನೂ ಮಡಚಲಿ. ಮುಖಕ್ಕೆ ನೀರು ಎರಚುತ್ತದೆ, ಒಂದೆರಡು ಕ್ಷಣ ತಡೆದುಕೊಳ್ಳಿ.
5. ಹಲಗೆ ನೀರಿನ ಮೇಲೆ ಬಂದಾಗ ನೀವು ಕುಕ್ಕರಗಾಲಿನಲ್ಲಿರುತ್ತೀರಿ. ಆಗ ಹಲಗೆಯ ಮುಂಗಾಲಿನ ಕಡೆಯ ತುದಿ ಬೋಟಿನ ಕಡೆ ತಿರುಗುವಂತೆ ಸೊಂಟ ತಿರುಗಿಸಿ, ಹ್ಯಾಂಡಲನ್ನು ಸೊಂಟದ ಎತ್ತರದಲ್ಲಿ ತಗ್ಗಿಸಿಟ್ಟುಕೊಳ್ಳಿ.
6. ಹಲಗೆ ನೇರ ಓಡತೊಡಗಿದ ಮೇಲೆ ನಿಧಾನವಾಗಿ ಏಳಿ. ಮಂಡಿ ಪೂರ್ತಿ ನೇರವಾಗುವುದು ಬೇಡ.

ಹೊಸಬರಿಗೆ ಗಂಟೆಗೆ ಸುಮಾರು 24ರಿಂದ 29 ಕಿ.ಮೀ. ವೇಗ ಸಾಕು. ಹಗುರ ಮೈಯವರಿಗೆ, ಮಕ್ಕಳಿಗೆ ಇನ್ನೂ ಕಡಿಮೆ ಇರಲಿ. ಹಗ್ಗ 10ರಿಂದ 15 ಮೀಟರ್‌ನಷ್ಟು ಗಿಡ್ಡವಿದ್ದರೆ ಏಳುವುದು ಸುಲಭ, ಎರಡು ಕಡೆಯ ಅಲೆಯೂ ಕಿರಿದಾಗಿರುತ್ತದೆ.

ನಿಂತ ಮೇಲೆ

ಕಣ್ಣು ಬೋಟಿನ ಮೇಲೆ, ಅದರಾಚೆಯ ದಡದ ಮೇಲೆ ಇರಲಿ. ಪಾದ ನೋಡಿದರೆ ತಲೆ ಬಾಗುತ್ತದೆ, ತಲೆಯ ಹಿಂದೆ ಮೈಯೂ ಹೋಗುತ್ತದೆ. ಏಳುವಾಗ ಹಲಗೆಯ ಮೂತಿ ನೀರಿಗೆ ಚುಚ್ಚದಂತೆ ಭಾರ ಸ್ವಲ್ಪ ಹಿಂಗಾಲಿನ ಮೇಲಿದ್ದರೆ ಸರಿ. ನಿಂತ ಮೇಲೂ ಹಿಂದಕ್ಕೇ ವಾಲಿದ್ದರೆ ಹಲಗೆ ಅತ್ತಿತ್ತ ಓಲಾಡುತ್ತದೆ, ಹಿಂದಿನ ತೊಡೆ ಉರಿಯುತ್ತದೆ. ಎರಡೂ ಕಾಲಿಗೆ ಭಾರ ಹಂಚಿ.

ತಿರುಗಲು ತೋಳಿನ ಬಲ ಬೇಡ. ಹಿಮ್ಮಡಿ ಒತ್ತಿದರೆ ಹಲಗೆ ಬೆನ್ನಿನ ಕಡೆಗೆ ಸಾಗುತ್ತದೆ, ಕಾಲ್ಬೆರಳು ಒತ್ತಿದರೆ ಎದೆಯ ಕಡೆಗೆ. ಮೊದಲು ಎರಡು ಅಲೆಗಳ ನಡುವಿನ ನಯವಾದ ನೀರಿನಲ್ಲೇ ಎರಡು ಕಡೆಗೂ ಹಗುರವಾಗಿ ತಿರುಗಿ ನೋಡಿ. ಹಿಮ್ಮಡಿಯ ಕಡೆ ಬೇಗ ಬರುತ್ತದೆ. ಬೆರಳಿನ ಕಡೆಗೆ ಸಮಯ ಹಿಡಿಯುತ್ತದೆ, ಆಗ ಎದೆ ಎತ್ತಿ ಹ್ಯಾಂಡಲನ್ನು ಸೊಂಟಕ್ಕೆ ಹತ್ತಿರ ಇಟ್ಟುಕೊಳ್ಳಿ. ಎರಡೂ ಕೈವಶವಾದ ಮೇಲೆ ಅಲೆ ದಾಟಿ. ಅರ್ಧ ಮನಸ್ಸಿನಿಂದ ಅಲೆಯ ನೆತ್ತಿಯಲ್ಲಿ ನಿಂತರೆ ಬೀಳುತ್ತೀರಿ. ಒಂದೇ ಓರೆಯಲ್ಲಿ, ಮಂಡಿ ಸಡಿಲ ಬಿಟ್ಟು, ಆಚೆ ಬದಿ ನೋಡುತ್ತಾ ಸಾಗಿದರೆ ಹಲಗೆ ತಾನೇ ದಾಟುತ್ತದೆ.

ಬೀಳುವುದಕ್ಕೂ ಕ್ರಮವಿದೆ

ಸಮತೋಲ ತಪ್ಪಿತು ಎನಿಸಿದ ಕ್ಷಣ ಹ್ಯಾಂಡಲ್ ಬಿಡಿ. ಹೊಸಬರ ಭುಜ, ಮೊಣಕೈ ನೋವಿಗೆ ಬಿದ್ದ ಮೇಲೂ ಹ್ಯಾಂಡಲ್ ಹಿಡಿದಿರುವುದು ದೊಡ್ಡ ಕಾರಣ. ಕೈ ಚಾಚಿ ನೀರನ್ನು ತಡೆಯಲು ಹೋಗಬೇಡಿ, ಮೈ ಮುದುರಿ, ಬಾಯಿ ಮುಚ್ಚಿ ಬೀಳಿ. ಮೇಲೆ ಬಂದು ಅಂಗಾತವಾಗಿ ಕೈ ಎತ್ತಿ. ಬೋಟ್ ಸುತ್ತು ಹಾಕಿ ಹಗ್ಗವನ್ನು ನಿಮ್ಮ ಬಳಿ ತರುತ್ತದೆ, ಹ್ಯಾಂಡಲ್ ಬರುವವರೆಗೆ ಕಾಯಿರಿ. ಎಂಜಿನ್ ಪೂರ್ತಿ ನಿಂತ ಮೇಲೆಯೇ ಬೋಟ್ ಹತ್ತಿ. ಎಂಜಿನ್ ಓಡುತ್ತಿರುವಾಗ ಬೋಟಿನ ಹಿಂಭಾಗ ಹಿಡಿದು ತೇಲಬೇಡಿ, ಅಲ್ಲಿ ತಿರುಗುವ ರೆಕ್ಕೆಯ ಅಪಾಯವೂ ಇದೆ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷಾನಿಲವೂ ಇದೆ.

ಭುಜದ ಕೀಲು ಹಿಂದೆ ಜಾರಿದ್ದವರು, ಬೆನ್ನು ಮೂಳೆ ಅಥವಾ ಮಂಡಿಯ ತೊಂದರೆ ಇರುವವರು, ಹೃದ್ರೋಗ, ಮೂರ್ಛೆರೋಗ ಇರುವವರು ವೈದ್ಯರು ಒಪ್ಪಿದ ಮೇಲೆ ಮಾತ್ರ ಹೋಗಿ. ಗರ್ಭಿಣಿಯರು ಹೋಗಬಾರದು. ಮೈ ಮೇಲೆ ಹಸಿ ಗಾಯವಿದ್ದರೆ ನೀರಿಗಿಳಿಯಬೇಡಿ. ನೀರಾಟ ಮುಗಿಸಿ ಬಂದ ಕೆಲವು ದಿನಗಳಲ್ಲಿ ಜ್ವರ, ವಿಪರೀತ ಮೈಕೈ ನೋವು ಬಂದರೆ ನದಿಯಲ್ಲಿ ಇಳಿದಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಊರಿಗೊಂದು ಮನವಿ

ವೇಕ್‌ಬೋರ್ಡಿಂಗ್ ಕಲಿಯುವ ಆಸೆಯಿಂದ ಒಬ್ಬ ಹುಡುಗಿ, ಒಬ್ಬ ಹುಡುಗ ಈಜು ಕಲಿತರೂ ಲಾಭ ಇಡೀ ಊರಿನದು. ರಜೆ ಬಂದಾಗ ಹೊಳೆ, ನಾಲೆ, ಕೃಷಿಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದುತ್ತಲೇ ಇರುತ್ತೇವೆ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಹೋದದ್ದನ್ನೂ ಓದುತ್ತೇವೆ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆಯ ಪಕ್ಕದಲ್ಲೇ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಅಲ್ಲಿಗೆ ಬರುವ ಪ್ರತಿ ಮಗುವಿಗೂ ಒಂದು ಗಂಟೆಯ ಜಲಸುರಕ್ಷತೆಯ ಪಾಠ ಸಿಗಬೇಕು: ಮುಳುಗುವವರ ಕಡೆ ಹಗ್ಗ, ಕೋಲು, ಸೀರೆ, ಖಾಲಿ ಕ್ಯಾನ್ ಏನಾದರೂ ಎಸೆಯಿರಿ, 112ಕ್ಕೆ ಕರೆ ಮಾಡಿ, ತರಬೇತಿ ಇಲ್ಲದೆ ನೀವು ಇಳಿಯಬೇಡಿ. ನಮ್ಮ ಶಾಲೆಗಳು ಈ ಪಾಠವನ್ನು ಆಟದ ಪೀರಿಯಡ್ಡಿನಲ್ಲೇ ಸೇರಿಸಬಹುದು.

ನೀವು ಈ ವರ್ಷವೇ ಹಲಗೆ ಏರಬೇಕೆಂದಿದ್ದರೆ ಮೂಲ್ಕಿಯ ಟಿಕೆಟ್ ಆಮೇಲೆ ನೋಡಿ. ನಾಳೆ ಬೆಳಿಗ್ಗೆ ಹತ್ತಿರದ ಈಜುಕೊಳಕ್ಕೆ ಹೋಗಿ ಹೆಸರು ಬರೆಸಿ, ಮನೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.